ಹದದ ಗುಂಡಿ ಕೆಡವಿದ ವರ್ಷ

ಯುದ್ಧ ಶುರುವಾಗಿ ವಿಲಾಯತಿಯ ಸಾಮಾನು ಬರುವುದು ನಿಂತಿದ್ದ ಕಾಲ. ಒಂದು ಮಧ್ಯಾಹ್ನ ಗೋಕಾಕದ ಕಡೆಯ ನೂಲಿನ ಗಿರಣಿಯ ಮೇಸ್ತ್ರಿಯೊಬ್ಬರು ಹತ್ತರಗಿಯಲ್ಲಿ ಬಸ್ಸಿಳಿದು, ಬಿಸಿಲಲ್ಲಿ ನಡೆದುಕೊಂಡು ನಮ್ಮ ಓಣಿಗೆ ಬಂದರು. ವಯಸ್ಸಾದ ಮುಸಲ್ಮಾನರು, ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ಗಿರಣಿಯ ರೋಲರುಗಳಿಗೆ ತೊಗಲು ಹೊದಿಸುವ ಖಾತೆ ಅವರದು. ಕುರಿಯ ತೊಗಲು ಹದ ಮಾಡುವವರು ಯಾರಿದ್ದಾರೆ ಎಂದು ಕೇಳಿಕೊಂಡು ಬಂದವರಿಗೆ ಯಾರೋ ನಮ್ಮ ಮನೆ ತೋರಿಸಿದ್ದರು.

ಮನೆಯಲ್ಲಿದ್ದವರು ನಾನು ಮತ್ತು ನಮ್ಮ ಅತ್ತೆ, ಇಬ್ಬರೇ. ನಮ್ಮ ಮನೆಯವರು ಪಲ್ಟನ್ನಿಗೆ ಸೇರಿ ದೂರದ ದೇಶಕ್ಕೆ ಹೋಗಿದ್ದರು. ಹಳ್ಳದ ದಂಡೆಯಲ್ಲಿದ್ದ ನಮ್ಮ ಹದದ ಗುಂಡಿ ಅವರು ಹೋದಂದಿನಿಂದ ಬರಿದಾಗಿತ್ತು. ಅದು ಹಾಗೆಯೇ ಒಣಗಿದರೆ ಅತ್ತೆಯ ಮೈದುನ, ನಮ್ಮ ಸಣ್ಣ ಮಾವ, ಅದನ್ನು ತಮ್ಮ ಪಾಲಿಗೆ ತೆಗೆದುಕೊಳ್ಳುತ್ತಾರೆ, ನಾವಿಬ್ಬರೂ ಅವರ ಕೈಕೆಳಗೆ ತೊಗಟೆ ಕುಟ್ಟಿಕೊಂಡಿರುತ್ತೇವೆ ಎಂದು ಓಣಿಯಲ್ಲಿ ಆಗಲೇ ಮಾತಾಗಿತ್ತು.

ಮನೆಯಲ್ಲಿ ಗಂಡಸರಿಲ್ಲ ಎಂದು ಕೇಳಿ ಮೇಸ್ತ್ರಿ ಕೊಡೆ ಬಿಚ್ಚಿದರು. ಬೇರೆ ಊರು ನೋಡುತ್ತೇನೆ ಎಂದರು.

"ನಿಂದರ್ರಿ ಕಾಕಾ," ಎಂದೆ. "ಎಂಥಾ ತೊಗಲು ಬೇಕು ಅನ್ನೂದರ ತೋರ್ಸಿ ಹೋಗ್ರಿ. ನೋಡಾಕೂ ಗಂಡಸರ ಬೇಕೇನು?"

ಅವರು ಕೊಡೆ ಮಡಚಿ ಕಟ್ಟೆಯ ಮೇಲೆ ಕೂತರು. ಕಿಸೆಯಿಂದ ಅಂಗೈಯಷ್ಟು ಅಗಲದ ಒಂದು ತೊಗಲಿನ ಚೂರು ತೆಗೆದು ಕೊಟ್ಟರು. ವಿಲಾಯತಿಯದು. ತಿಳಿ ಬಣ್ಣ, ನುಣುಪು. ಕಣ್ಣು ಮುಚ್ಚಿ ಎರಡು ಬೆರಳಿನ ನಡುವೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಳೆದೆ. ಎಲ್ಲೂ ದಪ್ಪ ತೆಳು ಸಿಗಲಿಲ್ಲ. ಅಂಥ ತೊಗಲನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಅದು ಯಾತಕ್ಕೆ ಎಂದು ಮೇಸ್ತ್ರಿ ತಮ್ಮ ಎರಡೂ ಕೈ ಒಂದರ ಮೇಲೊಂದು ಇಟ್ಟು ತಿಳಿಸಿದರು. ನೂಲುವ ಯಂತ್ರದಲ್ಲಿ ಹತ್ತಿಯ ಎಳೆ ಎರಡು ರೋಲರುಗಳ ನಡುವೆ ಹಾಯುತ್ತದೆ. ಕೆಳಗಿನದು ಕಬ್ಬಿಣದ್ದು, ಮೈಮೇಲೆ ಗೆರೆಗಳಿರುವಂಥದು. ಮೇಲಿನದಕ್ಕೆ ಮೊದಲು ಉಣ್ಣೆಯ ಬಟ್ಟೆ ಸುತ್ತಿ ಅದರ ಮೇಲೆ ಕುರಿಯ ತೊಗಲು ಹೊದಿಸುತ್ತಾರೆ. ತೊಗಲಿನಲ್ಲಿ ಏರುತಗ್ಗು ಇದ್ದರೆ ನೂಲು ಸಮ ಬರುವುದಿಲ್ಲ, ಹರಿದು ಹೋಗುತ್ತದೆ. ಜಿಡ್ಡು ಇದ್ದರೆ ಹತ್ತಿ ರೋಲರಿಗೇ ಸುತ್ತಿಕೊಳ್ಳುತ್ತದೆ. ಇದ್ದ ತೊಗಲು ಸವೆಯುತ್ತ ಬಂದಿತ್ತು, ಹೊಸದು ಬರುವ ದಾರಿ ಇರಲಿಲ್ಲ.

ಮಾಡಿ ತರುತ್ತೇನೆ ಎಂದೆ. ಆ ಚೂರನ್ನು ನನ್ನ ಹತ್ತಿರವೇ ಬಿಟ್ಟು ಹೋಗಲು ಕೇಳಿಕೊಂಡೆ. ಅವರು ಅದನ್ನು ಕತ್ತರಿಯಿಂದ ಅರ್ಧ ಮಾಡಿ ಒಂದು ಭಾಗ ಕೊಟ್ಟರು.

ನಮ್ಮಲ್ಲಿ ಹೆಂಗಸರು ತೊಗಟೆ ಕುಟ್ಟುವುದು, ನೀರು ಹೊರುವುದು, ತೊಗಲು ಒಣಹಾಕುವುದು ಇತ್ತು. ಕತ್ತಿ ಹಿಡಿದು ಕೂದಲು ತೆಗೆಯುವುದು, ಗುಂಡಿಗೆ ಇಳಿದು ತುಳಿಯುವುದು ಗಂಡಸರದು. ಹೆಂಗಸು ಇಳಿದರೆ ಗುಂಡಿಯ ರಸ ಕೆಡುತ್ತದೆ ಎಂಬ ಮಾತು ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಸಣ್ಣ ಮಾವ ಬಂದು ಅದನ್ನೇ ಹೇಳಿದರು. ಆರ್ಡರು ತಮಗೆ ಕೊಟ್ಟುಬಿಡಬೇಕು, ತಾವು ಮಾಡಿಸುತ್ತೇವೆ ಎಂದೂ ಹೇಳಿದರು. ಅತ್ತೆ ತಲೆಯ ಮೇಲಿನ ಸೆರಗು ಎಳೆದುಕೊಂಡು, ಸೊಸೆ ಒಪ್ಪಿಕೊಂಡಿದ್ದಾಳೆ, ಅವಳೇ ಮಾಡಲಿ ಎಂದಳು. ಮರುದಿನ ಬೆಳಿಗ್ಗೆ ನಾನು ಕಚ್ಚೆ ಹಾಕಿ ಗುಂಡಿಗೆ ಇಳಿದೆ. ನೋಡಲು ಓಣಿಯ ಅರ್ಧ ಜನ ನಿಂತಿದ್ದರು.

ಯಮಕನಮರಡಿಯ ಕಸಾಯಿಯವರಿಂದ ಕುರಿ ತೊಗಲು ತಂದಿದ್ದೆವು. ಕೆಲಸದ ಕ್ರಮ ನನಗೆ ಹೊಸದಲ್ಲ. ಹಳ್ಳದಲ್ಲಿ ನೆನೆಹಾಕಿ ರಕ್ತ, ಮಣ್ಣು ಹೋಗುವಂತೆ ತೊಳೆದೆ. ಸುಣ್ಣದ ಗುಂಡಿಯಲ್ಲಿಟ್ಟು ಉಣ್ಣೆ ಸಡಿಲಾದ ಮೇಲೆ ಮರದ ದಿಂಡಿನ ಮೇಲೆ ಹಾಸಿ ಮೊಂಡು ಕತ್ತಿಯಿಂದ ಕೆರೆದು ತೆಗೆದೆ. ತಿರುವಿ ಹಾಕಿ ಮಾಂಸದ ಬದಿ ಹೆರೆದೆ. ಸುಣ್ಣ ಒಳಗೆ ಉಳಿದರೆ ತೊಗಲು ಬಿರುಸಾಗುತ್ತದೆ, ಅದಕ್ಕೆ ಜೋಳದ ತೌಡು ಹುಳಿ ಬರಿಸಿದ ನೀರಿನಲ್ಲಿ ಮುಳುಗಿಸಿಟ್ಟೆ. ಆಮೇಲೆ ತಂಗಡಿ. ಹಳದಿ ಹೂವಿನ ಆ ಗಿಡ ನಮ್ಮ ಕಡೆ ಬಂಜರಿನಲ್ಲಿ ತಾನಾಗಿಯೇ ಬೆಳೆಯುತ್ತದೆ. ಅದರ ತೊಗಟೆ ಕುಟ್ಟಿ ನೀರಿಗೆ ಹಾಕಿದರೆ ಬರುವ ರಸವೇ ಹದದ ರಸ. ಮೊದಲು ತೆಳ್ಳಗಿನ ರಸ, ದಿನ ಹೋದಂತೆ ದಪ್ಪ ರಸ. ಮೊದಲೇ ದಪ್ಪ ರಸಕ್ಕೆ ಹಾಕಿದರೆ ಮೇಲ್ಮೈ ಬಿಗಿದುಕೊಂಡು ಒಳಗೆ ಹಸಿ ಉಳಿಯುತ್ತದೆ. ದಿನಾ ತುಳಿದು ಮಗುಚಿ ಹಾಕಬೇಕು. ಕುತ್ತಿಗೆಯ ತುದಿ ಕೊಯ್ದು ನೋಡಿದಾಗ ನಡುವೆ ಬಿಳಿ ಗೆರೆ ಕಾಣದಿದ್ದರೆ ಹದ ಪೂರ್ತಿ ಇಳಿದಿದೆ ಎಂದು ಅರ್ಥ.

ರಸ ಕೆಡಲಿಲ್ಲ. ತೊಗಲು ತಿಳಿ ಬಣ್ಣಕ್ಕೆ ಬಂತು. ನಾನು ಹೆಮ್ಮೆಯಿಂದಲೇ ಗೋಕಾಕಕ್ಕೆ ಒಯ್ದೆ.

ಗಿರಣಿಯ ಬಾಗಿಲ ಮುಂದಿನ ಬೇವಿನ ಮರದ ಕೆಳಗೆ ಮೇಸ್ತ್ರಿ ಒಂದು ತೊಗಲನ್ನು ಕೂದಲಿದ್ದ ಮೈ ಒಳಗಾಗುವಂತೆ ಬೆರಳಿಗೆ ಸುತ್ತಿದರು. ಮೇಲ್ಪದರು ಸಣ್ಣ ಸಣ್ಣ ಸುಕ್ಕಾಗಿ ಎದ್ದಿತು, ಕಾಯಿಸಿದ ಹಾಲಿನ ಕೆನೆ ಸರಿದ ಹಾಗೆ. ಇನ್ನೊಂದು ತೆಗೆದರು, ಅದೂ ಹಾಗೆಯೇ. ಎಲ್ಲವನ್ನೂ ಒಂದೊಂದಾಗಿ ನೋಡಿ ಗಂಟು ಕಟ್ಟಿ ನನ್ನ ಮುಂದೆ ಇಟ್ಟರು.

"ಬೇಟಿ, ಹದ ಚೊಲೋ ಮಾಡೀಯ. ಆದ್ರ ತೊಗಲನ ಪೊಳ್ಳ ಐತಿ. ಮಷೀನ ಮ್ಯಾಲ ಇದು ತಡಿಯಂಗಿಲ್ಲ."

ಪೊಳ್ಳು ಯಾಕೆ ಎಂದು ಕೇಳಿದರೆ ಅದು ತಮಗೂ ತಿಳಿಯದು ಎಂದರು. ತೊಗಲು ಹೇಗಿರಬೇಕೆಂದು ಬಲ್ಲೆ, ಹಾಗೆ ಹೇಗೆ ಆಗುತ್ತದೆಂದು ಬಲ್ಲವನಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ತೊಗಲುಗಳು ಕೊನೆಗೆ ಕುದುರೆಯ ಜೀನಿಗೆ ಒಳಪದರಾಗಿ ಹೋದವು. ಸಣ್ಣ ಮಾವ ನಮ್ಮ ಮನೆಯ ಮುಂದೆ ಹಾಯುವಾಗ, ಹೆಣ್ಣಿನ ಕಾಲು ಬಿದ್ದ ಗುಂಡಿ ಎಂದು ಕೇಳುವ ಹಾಗೆ ಅನ್ನುತ್ತಿದ್ದರು.

ನಾನು ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತು ಒಂದೊಂದನ್ನೇ ಬೆರಳಿಗೆ ಸುತ್ತಿ ನೋಡಿದೆ. ಬೆನ್ನಿನದು ಸುಕ್ಕು, ಪಕ್ಕೆಯದು ಸುಕ್ಕು. ಆದರೆ ಕಾಲಿನ ಕಡೆಯ ಚೂರುಗಳು ಸುಕ್ಕಾಗಲಿಲ್ಲ. ಯಾಕೆ ಎಂದು ಅತ್ತೆಯನ್ನು ಕೇಳಿದೆ. ಅವಳು ಚೂರನ್ನು ತಿರುವಿ ನೋಡಿ, ಕಾಲಿಗೆ ಉಣ್ಣೆ ಎಲ್ಲಿರುತ್ತದೆ, ಅಲ್ಲಿ ಇರುವುದು ಬರೀ ಗಿಡ್ಡ ಕೂದಲು ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉಣ್ಣೆಯ ಬೇರು ಒತ್ತಾಗಿ ನಿಂತ ಕಡೆ ತೊಗಲು ಒಳಗೆ ಪೊಳ್ಳಾಗಿರುತ್ತದೆ. ಹಾಗಾದರೆ ಮೈತುಂಬ ಕೂದಲೇ ಇರುವ ಕುರಿ ಬೇಕು.

"ನಮ್ಮ ತವರಮನಿ ಕಡಿ ಕುರಿಗೆ ಉಣ್ಣಿನ ಇರಂಗಿಲ್ಲ," ಎಂದಳು ಅತ್ತೆ. "ಎಳಗ ಕುರಿ ಅಂತಾರ. ಆಡಿನಂಗ ಕೂದಲ."

ಅತ್ತೆಯ ತವರು ಮೂಡಲಗಿಯಿಂದ ಆಚೆ, ಮುಧೋಳದ ಕಡೆ. ಇಬ್ಬರೂ ಹೊರಟೆವು. ಘಟಪ್ರಭಾದವರೆಗೆ ಬಸ್ಸು, ಅಲ್ಲಿಂದ ಸಂತೆಗೆ ಹೋಗುವ ಒಂದು ಎತ್ತಿನ ಚಕ್ಕಡಿ ಸಿಕ್ಕಿತು. ಮೂಡಲಗಿಯ ಕಸಾಯಿಯವರಲ್ಲಿ ಎಳಗ ಕುರಿಯ ತೊಗಲು ಇದ್ದವು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಉಣ್ಣಿಹುಳ ಕಚ್ಚಿದ ಕಲೆ ಇದ್ದದ್ದು, ಕತ್ತಿ ತಾಗಿದ್ದು ಬಿಟ್ಟು ಉಳಿದವನ್ನು ಆರಿಸಿದೆವು. ಅಲ್ಲಿಯೇ ಉಪ್ಪು ಹಚ್ಚಿ ಮಡಚಿ ಗಂಟು ಕಟ್ಟಿದೆವು.

ಬರುವಾಗ ಘಟಪ್ರಭಾದಲ್ಲಿ ಬಸ್ಸಿನ ಕಂಡಕ್ಟರು ಗಂಟು ನೋಡಿ ಇಳಿಯಿರಿ ಎಂದ. ವಾಸನೆ ಬರುತ್ತದೆ, ಉಳಿದವರು ಕೂರಬೇಕಲ್ಲ ಎಂದ. ನಾನು ಇಳಿಯುವವಳೇ ಇದ್ದೆ. ಅತ್ತೆ ಸೀಟಿನಿಂದ ಅಲುಗಲಿಲ್ಲ.

"ನಿನ್ನ ಕಾಲಾಗಿನ ಚಪ್ಪಲಿ ಯಾತರದ್ದಪಾ?" ಎಂದಳು. "ಅದನ್ನ ತಗದ ಹೊರಗ ಒಗಿ. ಆಮ್ಯಾಲ ನಾವು ಇಳಿತೀವಿ."

ಬಸ್ಸಿನಲ್ಲಿದ್ದ ಒಬ್ಬಿಬ್ಬರು ನಕ್ಕರು. ಕಂಡಕ್ಟರು ಗಂಟನ್ನು ಬಸ್ಸಿನ ಮೇಲೆ ಏರಿಸಿದ.

ಈ ಸಲ ನಾನು ಎಲ್ಲದರಲ್ಲೂ ಕೈ ಹಗುರ ಮಾಡಿದೆ. ಎಳಗ ಕುರಿಯ ತೊಗಲು ತೆಳು, ಸುಣ್ಣ ಹೆಚ್ಚು ಸಹಿಸುವುದಿಲ್ಲ. ಹುಳಿ ನೀರಿನಿಂದ ತೆಗೆದಾಗ ಹೆಬ್ಬೆರಳು ಒತ್ತಿದರೆ ಗುರುತು ಉಳಿಯಬೇಕು, ಅಷ್ಟು ಮೆತ್ತಗಾಗಬೇಕು. ತಂಗಡಿಯ ರಸಕ್ಕೆ ಹಾಕಿದ ಮೇಲೆ ದಿನವೂ ಬೆಳಿಗ್ಗೆ ಒಂದನ್ನು ತೆಗೆದು ಬೆರಳಿಗೆ ಸುತ್ತುತ್ತಿದ್ದೆ. ಸುಕ್ಕು ಏಳಲಿಲ್ಲ. ಮೇಸ್ತ್ರಿ ಕೊಟ್ಟ ಚೂರನ್ನು ಪಕ್ಕದಲ್ಲಿಟ್ಟು ಮುಟ್ಟಿ ನೋಡುತ್ತಿದ್ದೆ. ಇನ್ನೂ ಅದರಷ್ಟು ಆಗಿರಲಿಲ್ಲ, ಆದರೆ ಆ ದಾರಿಯಲ್ಲಿತ್ತು.

ಹದ ಅರ್ಧ ಇಳಿದಿದ್ದಾಗ ಗೌಡರ ಮನೆಯಿಂದ ಕರೆ ಬಂತು.

ಗೌಡರದು ಬಾವಿಯ ತೋಟ. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹರಿದಿತ್ತು. ಸುಣ್ಣಕ್ಕೆ ಹಾಕಿಸಿಟ್ಟ ಎತ್ತಿನ ತೊಗಲು ಅವರ ಹತ್ತಿರ ಇತ್ತು, ಅದನ್ನು ಹದ ಮಾಡಿ ಚೀಲ ಹೊಲಿದು ಕೊಡಬೇಕು. ಊರಿನ ತೊಗಲಿನ ಕೆಲಸವೆಲ್ಲ ನಮ್ಮ ಓಣಿಯವರು ಕೂಲಿ ಇಲ್ಲದೆ ಮಾಡಬೇಕು, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಆಯ ಎಂದು ಕೊಟ್ಟಷ್ಟು ಕಾಳು ಸೆರಗೊಡ್ಡಿ ತರಬೇಕು. ಅದು ಪದ್ಧತಿ. ಎತ್ತಿನ ತೊಗಲನ್ನು ಅದೇ ಗುಂಡಿಗೆ ಹಾಕಿದರೆ ಅದು ರಸವನ್ನೆಲ್ಲ ಹೀರಿಕೊಳ್ಳುತ್ತದೆ, ಅದರ ಸುಣ್ಣಕ್ಕೆ ಕುರಿ ತೊಗಲು ಕಪ್ಪಿಟ್ಟು ಬಿರುಸಾಗುತ್ತದೆ.

ಗೌಡರು ಕೂಗಾಡುವ ಮನುಷ್ಯರಲ್ಲ. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ನಾನು ಕೆಳಗೆ ಅಂಗಳದಲ್ಲಿ ನಿಂತೆ. ಸಣ್ಣ ಮಾವ ನನಗಿಂತ ಮೊದಲೇ ಬಂದು ಒಂದು ಬದಿಗೆ ಕೈಕಟ್ಟಿ ನಿಂತಿದ್ದರು.

"ಗುಂಡಿ ಯಾರದ?" ಎಂದರು ಗೌಡರು.

"ನಮ್ಮದ್ರಿ."

"ಗುಂಡಿ ಇರೂ ಜಾಗಾ ಯಾರದ?"

"ಊರಿಂದ್ರಿ."

"ಹಂಗಾದ್ರ ಊರ ಕೆಲಸ ಮೊದಲ. ಗಿರಣಿದು ಆಮ್ಯಾಲ."

"ಎರಡೂ ಒಂದ ಗುಂಡ್ಯಾಗ ಆಗೂದಿಲ್ರಿ. ಕುರಿ ತೊಗಲು ಅರ್ಧಾ ಹದಕ್ಕ ಬಂದಾವ, ಈಗ ತಗದ್ರ ಕೊಳಿತಾವ. ಅವು ಆದ ಮ್ಯಾಲ ನಿಮ್ಮದು ಹಾಕ್ತೇನಿ," ಎಂದೆ. ಅಷ್ಟಕ್ಕೇ ನಿಲ್ಲಿಸಬೇಕೆಂದು ಮನೆಯಿಂದ ಹೊರಡುವಾಗ ಅಂದುಕೊಂಡಿದ್ದೆ. ನಿಲ್ಲಲಿಲ್ಲ. "ಆದ್ರ ಬಿಟ್ಟಿ ಮಾಡೂದಿಲ್ರಿ."

ಗೌಡರು ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದರು. ಸಣ್ಣ ಮಾವ ನೆಲ ನೋಡಿದರು.

"ನಿನ್ನ ಗಂಡ ಇದ್ದಿದ್ರ ಈ ಮಾತ ಆಡ್ತಿದ್ನೇನು?"

"ಗೊತ್ತಿಲ್ರಿ. ಅವರು ಬಂದ ಮ್ಯಾಲ ಕೇಳ್ರಿ. ಈಗ ಗುಂಡ್ಯಾಗ ಇಳಿದಾಕಿ ನಾನು."

ಇನ್ನು ಏನಾಗುತ್ತದೋ ಎಂದುಕೊಳ್ಳುತ್ತಲೇ ಮನೆಗೆ ಬಂದೆ. ಆಡಿದ್ದು ತಪ್ಪೆಂದು ಮಾತ್ರ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ನಾನೂ ಅತ್ತೆಯೂ ಹಳ್ಳಕ್ಕೆ ಹೋದಾಗ ಸಣ್ಣ ಮಾವ ಗುಂಡಿಯ ಪಕ್ಕದಲ್ಲೇ ಕೂತಿದ್ದರು. ಗುಂಡಿಯ ರಸದ ಮೇಲೆ ಎತ್ತಿನ ತೊಗಲಿನ ಅಂಚು ತೇಲುತ್ತಿತ್ತು. ಅದನ್ನು ಸರಿಯಾಗಿ ತೊಳೆದೂ ಇರಲಿಲ್ಲ, ಸುಣ್ಣ ಬಿಳಿಯಾಗಿ ಸುತ್ತಲೂ ಹರಡಿತ್ತು.

ಅವರು ಮುಚ್ಚಿಡಲಿಲ್ಲ. ತಾವೇ ಹಾಕಿದ್ದಾಗಿ ಹೇಳಿದರು. ಊರಲ್ಲಿ ಇರಬೇಕಾದವರು ನಾವು, ಗಿರಣಿಯವರು ಇಂದು ಬರುತ್ತಾರೆ ನಾಳೆ ಹೋಗುತ್ತಾರೆ, ಗೌಡರು ಎಲ್ಲಿಗೂ ಹೋಗುವುದಿಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ನಾನು ಗುಂಡಿಗೆ ಇಳಿದೆ. ಕುರಿ ತೊಗಲುಗಳನ್ನು ಒಂದೊಂದಾಗಿ ಎತ್ತಿ ಅತ್ತೆಯ ಕೈಗೆ ಕೊಟ್ಟೆ. ಅವಳು ಹಳ್ಳದ ನೀರಿನಲ್ಲಿ ಜಾಲಾಡಿ ಕಲ್ಲಿನ ಮೇಲೆ ಹಾಸುತ್ತ ಹೋದಳು. ಮೇಲಿದ್ದ ಕೆಲವಕ್ಕೆ ಸುಣ್ಣ ತಾಗಿ ಕಂದು ಮಚ್ಚೆ ಬಿದ್ದಿತ್ತು. ತಳದವು ಉಳಿದಿದ್ದವು. ಕೊನೆಗೆ ಎತ್ತಿನ ತೊಗಲನ್ನೂ ಎಳೆದು ದಂಡೆಗೆ ಹಾಕಿದೆ.

ಆಮೇಲೆ ನಾನು ಗುಂಡಿಯೊಳಗೇ ನಿಂತುಕೊಂಡೆ, ಮೊಣಕಾಲಿನವರೆಗೆ ಕೆಟ್ಟ ರಸ. ಇದನ್ನು ಚೆಲ್ಲಿ ಹೊಸ ರಸ ತುಂಬಿದರೆ ನಾಳೆ ಮತ್ತೊಂದು ತೊಗಲು ಬಂದು ಬೀಳುತ್ತದೆ. ನಾಳೆ ಬೀಳದಿದ್ದರೆ ಬರುವ ತಿಂಗಳು ಬೀಳುತ್ತದೆ. ಜಾಗ ಊರಿನದು ಎಂದು ನಾನೇ ಒಪ್ಪಿಕೊಂಡು ಬಂದಿದ್ದೆ. ಗುಂಡಿ ಇರುವ ತನಕ ಬಿಟ್ಟಿಯೂ ಇರುತ್ತದೆ. ಈ ಕಲ್ಲುಗಳನ್ನು ಕೂಡಿಸಿದವರು ನಮ್ಮ ಮನೆಯವರ ಅಜ್ಜ. ಗಾರೆ ಬಿಟ್ಟಲ್ಲೆಲ್ಲ ಪ್ರತಿ ವರ್ಷ ಮೆತ್ತಿದವರು ನಮ್ಮ ಮನೆಯವರು. ಅವರು ಬದುಕಿ ಬರುತ್ತಾರೋ ಇಲ್ಲವೋ ತಿಳಿಯದು. ಅವರನ್ನು ಕೇಳದೆ ಇದನ್ನು ಮುಟ್ಟುವ ಹಕ್ಕು ನನಗಿತ್ತೇ ಎಂದು ಆಗ ಯೋಚಿಸಿದೆ, ಆಮೇಲೂ ಬಹಳ ಸಲ ಯೋಚಿಸಿದ್ದೇನೆ.

ಅತ್ತೆಗೆ ಹಾರೆ ತರಲು ಹೇಳಿದೆ.

ಯಾತಕ್ಕೆ ಎಂದು ಅವಳು ಕೇಳಲಿಲ್ಲ. ತಂದು ಕೊಟ್ಟಳು. ಹಳ್ಳದ ಬದಿಯ ಗೋಡೆಗೆ ಹಾರೆ ಹಾಕಿ ಮೀಟಿದೆ. ಮೊದಲ ಕಲ್ಲು ಅಲುಗಲು ಬಹಳ ಹೊತ್ತು ಹಿಡಿಯಿತು. ಅದು ಬಂದ ಮೇಲೆ ಉಳಿದವು ಸುಲಭವಾಗಿ ಬಂದವು. ರಸವೆಲ್ಲ ಕೆಂಪಾಗಿ ಹಳ್ಳಕ್ಕೆ ಹರಿದುಹೋಯಿತು. ದಂಡೆಗೆ ಸರಿದಿದ್ದ ಸಣ್ಣ ಮಾವ ಅಯ್ಯೋ ಎನ್ನುತ್ತ ಓಡಿ ಬಂದವರು ಅರ್ಧದಲ್ಲೇ ನಿಂತುಬಿಟ್ಟರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಅದು ಅವರ ಅಪ್ಪನ ಗುಂಡಿಯೂ ಹೌದಲ್ಲ.

"ಗೌಡ್ರಿಗೆ ಹೇಳ್ರಿ ಮಾವ," ಎಂದೆ. "ಊರ ಜಾಗಾ ಊರಿಗೆ ಬಿಟ್ಟೇವಿ ಅಂತ."

ಈಗ ಮುಂದಿನ ಕೆಲಸ. ಅರ್ಧ ಹದದ ತೊಗಲು ರಸವಿಲ್ಲದೆ ಬಿಸಿಲಿಗೆ ಬಿದ್ದರೆ ಸಂಜೆಯೊಳಗೆ ಲೋಳೆ ಬಿಡುತ್ತದೆ. ಅವನ್ನು ಗೋಣಿತಟ್ಟಿನಲ್ಲಿ ಸುತ್ತಿ ಮನೆಗೆ ತಂದೆವು. ಅತ್ತೆ ಕುಡಿಯುವ ನೀರಿನ ಹರವಿ ಬರಿದು ಮಾಡಿ ಪಡಸಾಲೆಗೆ ಉರುಳಿಸಿಕೊಂಡು ಬಂದಳು, ಕಾಳಿನ ಹರವಿಯನ್ನೂ ತಂದಳು. ಮನೆಯಲ್ಲಿ ಕುಟ್ಟಿಟ್ಟ ತೊಗಟೆ ಸ್ವಲ್ಪ ಇತ್ತು, ಅದನ್ನು ನೆನೆಹಾಕಿದೆವು. ಎರಡು ಹರವಿ ಸಾಲಲಿಲ್ಲ. ಓಣಿಯಲ್ಲಿ ಕೇಳಿದೆ. ಒಮ್ಮೆ ತಂಗಡಿಯ ರಸ ತುಂಬಿದ ಮಣ್ಣಿನ ಹರವಿಯಲ್ಲಿ ಮತ್ತೆ ಕುಡಿಯುವ ನೀರು ಇಡಲಾಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಗೌಡರಿಗೆ ಅಂಜಿ ಕೆಲವರು ಬಾಗಿಲು ತೆಗೆಯಲಿಲ್ಲ. ಉಳಿದವರು ಕೊಟ್ಟರು. ಎಲ್ಲರಿಗಿಂತ ಮೊದಲು ಹರವಿ ಹೊತ್ತು ತಂದವಳು ಸಣ್ಣ ಮಾವನ ಹೆಂಡತಿ. ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು.

ಒಬ್ಬಳು ತನ್ನಲ್ಲಿದ್ದ ಕಬ್ಬಿಣದ ಬಕೀಟು ಕೊಟ್ಟಿದ್ದಳು. ಗಡಿಬಿಡಿಯಲ್ಲಿ ನಾನು ಅದಕ್ಕೂ ರಸ ತುಂಬಿ ತೊಗಲು ಹಾಕಿಬಿಟ್ಟೆ. ಬೆಳಿಗ್ಗೆ ನೋಡಿದರೆ ಅದರೊಳಗಿನ ರಸ ಶಾಲೆಯ ಮಕ್ಕಳ ಮಸಿಯಂತಾಗಿತ್ತು, ತೊಗಲೂ ಕಪ್ಪು. ಕಬ್ಬಿಣ ತಾಗಿದರೆ ತಂಗಡಿ ಕಪ್ಪಾಗುವುದು ಚಿಕ್ಕಂದಿನಿಂದ ಬಲ್ಲ ಮಾತು. ಆ ದಿನ ಮರೆತೆ. ಅವನ್ನು ಬೇರೆ ತೆಗೆದಿಟ್ಟೆ.

ತೊಗಟೆ ತೀರುತ್ತ ಬಂತು. ಗೌಡರು ಊರಿನ ಗಾಯರಾಣದಲ್ಲಿ, ಅಂದರೆ ದನ ಮೇಯುವ ಬಯಲಿನಲ್ಲಿ, ನಮ್ಮ ಮನೆಯ ಯಾರೂ ಕಾಲಿಡಬಾರದು ಎಂದು ಹೇಳಿಸಿದ್ದರು. ಹೊಲದ ಬದುವಿನ ಗಿಡ ಯಾರೂ ಕಡಿಯಲು ಕೊಡಲಿಲ್ಲ. ಅಂಗಡಿಯವನು ಸಾಮಾನು ಕೊಡುವುದನ್ನು ನಿಲ್ಲಿಸಿದ. ಸಂಕೇಶ್ವರದ ಕಡೆಯಿಂದ ಬೆಳಗಾವಿಗೆ ಹೋಗುವ ದೊಡ್ಡ ರಸ್ತೆ ನಮ್ಮೂರಿಗೆ ಹತ್ತಿರವೇ. ಅದರ ಎರಡೂ ಬದಿಗೆ ತಂಗಡಿ ಬೆಳೆದಿರುತ್ತಿತ್ತು. ರಸ್ತೆ ಸರಕಾರದ್ದು. ಹರವಿ ಕೊಟ್ಟ ಮನೆಗಳ ಹೆಂಗಸರೂ ನಾವೂ ಕುಡಗೋಲು ಹಿಡಿದು ಅಲ್ಲಿಗೆ ಹೋದೆವು. ಹಾಡುಹಗಲೇ, ಹೋಗಿ ಬರುವವರೆಲ್ಲ ನೋಡುವ ಹಾಗೆ ಕಡಿದೆವು. ಗೌಡರ ಆಳು ಬಂದು, ತಂಗಡಿ ಕಡಿಯಬಾರದೆಂದು ಗೌಡರ ಅಪ್ಪಣೆ ಆಗಿದೆ ಎಂದ. ಅತ್ತೆ ಬಗ್ಗಿದ ಬೆನ್ನು ಎತ್ತದೆಯೇ ಕೇಳಿದಳು:

"ಈ ರಸ್ತಾ ಪುಣೆತನಕಾ ಹೋಗತೈತಂತ. ಅಲ್ಲಿತನಕಾ ನಿಮ್ಮ ಗೌಡ್ರದ ಏನು?"

ಅವನು ಬಂದ ದಾರಿಯಲ್ಲೇ ಹಿಂದಿರುಗಿದ. ಸಂಜೆ ತಲೆಹೊರೆಗಳ ಸಾಲು ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಹಾಯ್ದೇ ಓಣಿಗೆ ಬಂತು. ಹಿಂದಿನ ದಾರಿ ಇತ್ತು. ಆ ದಾರಿ ಬೇಡ ಎಂದವಳು ನಾನೇ.

ಹರವಿಯಲ್ಲಿ ತುಳಿಯಲು ಬರುವುದಿಲ್ಲ. ಕೈ ಹಾಕಿ ಮಗುಚಬೇಕು. ಮೊಣಕೈಯವರೆಗೆ ನನ್ನ ತೊಗಲೂ ಹದವಾಗಿ ಬಿರಿಯಿತು. ಕೊನೆಗೊಂದು ಬೆಳಿಗ್ಗೆ ಕುತ್ತಿಗೆಯ ತುದಿ ಕೊಯ್ದು ನೋಡಿದಾಗ ಬಿಳಿ ಗೆರೆ ಇರಲಿಲ್ಲ. ಅಳಲೆಕಾಯಿಯ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದೆ, ಬಣ್ಣ ತಿಳಿಯಾಗಲು. ಹಲಗೆಯ ಮೇಲೆ ಎಳೆದು ಮರದ ಮೊಳೆ ಬಡಿದು ನೆರಳಲ್ಲಿ ಒಣಗಿಸಿದೆ. ಕುಸುಬಿ ಎಣ್ಣೆಯನ್ನು ಬಟ್ಟೆಗೆ ಹಚ್ಚಿ, ಆ ಬಟ್ಟೆಯನ್ನು ಹಿಂಡಿ, ಅದರಿಂದ ಒರೆಸಿದೆ, ಅಷ್ಟೇ ಎಣ್ಣೆ. ಮಾಂಸದ ಬದಿಯನ್ನು ಮೊದಲು ಕತ್ತಿಯಿಂದ, ಆಮೇಲೆ ಒಡೆದ ಗಾಜಿನ ಅಂಚಿನಿಂದ ಹೆರೆದು ಸಮ ಮಾಡಿದೆ. ಹೊಟ್ಟೆಯ, ಕಾಲಿನ ಭಾಗ ಕತ್ತರಿಸಿ ತೆಗೆದು ನಡುವಿನದನ್ನು ಮಾತ್ರ ಉಳಿಸಿದೆ. ಮಚ್ಚೆ ಬಿದ್ದವು, ಕಪ್ಪಾದವು ಹೋಗಿ ಉಳಿದ ಗಂಟು ಸಣ್ಣದಾಗಿತ್ತು.

ಗಿರಣಿಯ ಬಾಗಿಲಲ್ಲಿ ಕಾವಲಿನವನು ಗಂಟನ್ನು ಅಲ್ಲಿಯೇ ಇಟ್ಟು ಹೋಗಲು ಹೇಳಿದ. ಮೇಸ್ತ್ರಿ ಬರುವವರೆಗೆ ನಾನು ಗಂಟನ್ನು ನೆಲಕ್ಕೆ ಇಡಲಿಲ್ಲ. ಅವರು ಬಂದು ಬೇವಿನ ಮರದ ಕೆಳಗೆ ಒಂದು ತೊಗಲು ಬೆರಳಿಗೆ ಸುತ್ತಿದರು. ಎರಡನೆಯದು ಸುತ್ತಿದರು. ಮುಖದಲ್ಲಿ ಏನೂ ತೋರಿಸದೆ, ಇದನ್ನು ಹೊದಿಸಿ ಓಡಿಸಿ ನೋಡಬೇಕು, ಆಮೇಲೆ ಹೇಳಿ ಕಳಿಸುತ್ತೇನೆ ಎಂದರು. ನಾನೂ ನೋಡಬೇಕು ಎಂದೆ. ಸರಿಯಿಲ್ಲದಿದ್ದರೆ ಯಾಕೆ ಸರಿಯಿಲ್ಲ ಎಂದು ನನ್ನ ಕಣ್ಣಿಗೆ ಕಾಣಬೇಕು, ಹೇಳಿ ಕಳಿಸಿದ ಮಾತಿನಿಂದ ತೊಗಲು ಹದ ಮಾಡಲಾಗುವುದಿಲ್ಲ ಎಂದೆ. ಅವರು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು ನನ್ನನ್ನು ಕರೆದುಕೊಂಡು ಹೋದರು.

ಅವರ ಮೇಜಿನ ಮೇಲೆ ತೊಗಲನ್ನು ಪಟ್ಟಿಯಾಗಿ ಕತ್ತರಿಸಿದರು. ಎರಡೂ ತುದಿಯನ್ನು ಓರೆಯಾಗಿ ಹೆರೆದು ಸರೇಸು ಎಂಬ ಅಂಟು ಹಚ್ಚಿ ಬಳೆಯಂತೆ ಕೂಡಿಸಿದರು. ಒಣಗಿದ ಮೇಲೆ ಅದನ್ನು ರೋಲರಿನ ಮೇಲೆ ಬಿಗಿಯಾಗಿ ಏರಿಸಿ, ಬಿಸಿ ಹಲಗೆಗಳ ನಡುವೆ ಉರುಳಿಸಿ ನುಣ್ಣಗೆ ಮಾಡಿದರು. ಆಮೇಲೆ ಯಂತ್ರದ ಸದ್ದಿನೊಳಗೆ ಹೋದೆವು. ಹಳೆಯ ರೋಲರು ತೆಗೆದು ಹೊಸದನ್ನು ಕೂರಿಸಿದರು. ಹತ್ತಿಯ ಎಳೆ ಒಳಗೆ ಹೋಯಿತು, ತೆಳ್ಳಗಾಗಿ ಹೊರಗೆ ಬಂತು, ತಿರುವಿಕೊಂಡು ನೂಲಾಗಿ ಇಳಿಯಿತು. ನಾನು ಅದನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನೂಲು ಹರಿದು ತುಂಡಾಯಿತು.

ಮೇಸ್ತ್ರಿ ಯಂತ್ರ ನಿಲ್ಲಿಸಿ ಬಗ್ಗಿ ನೋಡಿದರು. ನಾನೂ ಬಗ್ಗಿದೆ. ಕೂಡಿಸಿದಲ್ಲಿ ತೊಗಲು ಕೂದಲೆಳೆಯಷ್ಟು ಎದ್ದಿತ್ತು. ಅವರು ತಮ್ಮ ಸರೇಸಿಗೇ ಬೈದುಕೊಂಡರು. ಮತ್ತೊಂದು ಪಟ್ಟಿ ಕತ್ತರಿಸಿ, ಈ ಸಲ ತುದಿಯನ್ನು ಇನ್ನೂ ಉದ್ದಕ್ಕೆ ಹೆರೆದು ಕೂಡಿಸಿದರು. ಅದನ್ನು ಏರಿಸಿದ ಮೇಲೆ ನೂಲು ಹರಿಯಲಿಲ್ಲ. ನಾನು ನಿಂತೇ ಇದ್ದೆ, ಅದು ಬರುತ್ತಲೇ ಇತ್ತು. ಪಕ್ಕದ ಯಂತ್ರದ ಹೆಣ್ಣುಮಗಳು ನನ್ನ ಕೈಗಳನ್ನು ನೋಡಿ ಏನೋ ಕೇಳಿದಳು. ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ರೋಲರಿನ ಕಡೆ ಬೆರಳು ತೋರಿಸಿದೆ.

"ಇದರಂತಾದ್ದ ತಾ," ಎಂದರು ಮೇಸ್ತ್ರಿ ಹೊರಗೆ ಬಂದ ಮೇಲೆ. "ಎಷ್ಟು ಮಾಡತಿ ಅಷ್ಟೂ ತಾ."

ಆ ಸುಗ್ಗಿಯಲ್ಲಿ ನಮ್ಮ ಮನೆಗೆ ಆಯದ ಕಾಳು ಬರಲಿಲ್ಲ. ನಮ್ಮಿಂದಾಗಿ ಓಣಿಯ ಉಳಿದ ಮನೆಗಳಿಗೂ ಕಡಿಮೆ ಬಂತು, ಕೆಲವರು ನನ್ನ ಜೊತೆ ಮಾತು ಬಿಟ್ಟರು. ಅವರದು ತಪ್ಪು ಎಂದು ನಾನು ಹೇಳಲಾರೆ. ಗಿರಣಿಯ ದುಡ್ಡಿನಲ್ಲಿ ಸಂತೆಯ ಜೋಳ ಕೊಂಡು ತಿಂದೆವು. ಕಣದ ಅಂಚಿಗೆ ನಿಲ್ಲದ ಮೊದಲ ವರ್ಷ ಅದು. ಅತ್ತೆ ಆ ದಿನಗಳಲ್ಲಿ ಮನೆಯ ಮುಂದೆ ಕೂತು ತೊಗಟೆ ಕುಟ್ಟುವಾಗ ಒನಕೆಯನ್ನು ಬೇಕಾದದ್ದಕ್ಕಿಂತ ಜೋರಾಗಿಯೇ ಹಾಕುತ್ತಿದ್ದಳು.

ಯಮಕನಮರಡಿಯ ಕಸಾಯಿಯವರು ರಸ್ತೆಯ ಕಡೆಗಿದ್ದ ತಮ್ಮ ಸ್ವಂತ ಜಾಗದ ಒಂದು ಮೂಲೆಯನ್ನು ನಮಗೆ ಬಾಡಿಗೆಗೆ ಕೊಟ್ಟರು. ಹೊಸ ಗುಂಡಿ ತೋಡಿಸಬೇಕೆಂದಿದ್ದಾಗಲೇ ಯುದ್ಧ ಮುಗಿದು ನಮ್ಮ ಮನೆಯವರು ಬಂದರು. ಬಂದ ದಿನವೇ ಹಳ್ಳಕ್ಕೆ ಹೋಗಿ ಕೆಡವಿದ ಗುಂಡಿ ನೋಡಿದರು. ನಾನು ಹಿಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ, ಯಾವುದನ್ನೂ ಸಣ್ಣದು ಮಾಡಲಿಲ್ಲ. ಅವರು ಆ ದಿನ ನನ್ನೊಡನೆ ಮಾತಾಡಲಿಲ್ಲ. ಮರುದಿನ ರೊಟ್ಟಿ ತಿನ್ನುತ್ತ ಹೇಳಿದರು:

"ಕಲ್ಲ ಚೊಲೋ ಅದಾವ. ಚಕ್ಕಡಿ ಕಟ್ಟಿ ತರೂಣು."

ಹೊಸ ಜಾಗದಲ್ಲಿ ಮೂರು ಗುಂಡಿ ಆದವು. ಕತ್ತಿ ಹಿಡಿಯುವುದು ಅವರು, ಗುಂಡಿಗೆ ಇಳಿಯುವುದು ಇಬ್ಬರೂ. ಸಣ್ಣ ಮಾವನೂ ಕೆಲಸಕ್ಕೆ ಬರತೊಡಗಿದರು. ಹಳೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಗೌಡರ ಮನೆಯ ಚಕ್ಕಡಿ ಬಂದು ರಸ್ತೆಯಲ್ಲಿ ನಿಂತಿತು. ಅದರಲ್ಲಿ ಎತ್ತಿನ ತೊಗಲು ಇತ್ತು. ಹೊಸ ಆಳು, ನಮ್ಮೂರಿನವನಲ್ಲ. ಇಳಿದು ಬಂದು ನನ್ನ ಮುಂದೆಯೇ ನಿಂತ.

"ಗೌಡ್ರು ಕಳಿಸ್ಯಾರ್ರಿ. ಹದ ಮಾಡಿ ಕೊಡ್ತೀರೇನ್ರಿ? ಕೂಲಿ ಎಷ್ಟಂತ ಕೇಳಿ ಬಾ ಅಂದಾರ."

ಅತ್ತೆಯ ಒನಕೆ ನಿಂತಿತು. ಗೌಡರ ಮನೆಯ ಕಡೆಯಿಂದ ಬಂದವರ ಬಾಯಲ್ಲಿ ನಮ್ಮನ್ನು ಕುರಿತ ಆ 'ರಿ' ಅವಳು ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ನಾನು ಗುಂಡಿಯಿಂದ ಮೇಲೆ ಬರಲಿಲ್ಲ. ತುಳಿಯುತ್ತಲೇ ಹೇಳಿದೆ:

"ಕೊಡ್ತೇವಿ. ಆದ್ರ ಪಾಳಿ ಐತಿ. ನಿಮಗಿಂತ ಮೊದಲ ಬಂದವ್ರು ಅದಾರ. ಪಾಳಿ ಬರೂತನಕಾ ಉಪ್ಪು ಹಚ್ಚಿ ನೆರಳಾಗ ಇಡಾಕ ಹೇಳ್ರಿ, ಕೆಡೂದಿಲ್ಲ."